ಕೆಂಪು ಗುಂಡಿ, ಹನ್ನೆರಡು ಚೌಕ

ನವೆಂಬರ್ 3, ಸೋಮವಾರ

ಆಫೀಸಿನಲ್ಲಿ ಯಾವ ಕಂಪ್ಯೂಟರ್ ಕೆಟ್ಟರೂ ನಾನು ಮೊದಲು ಒಂದು ನೋಟ್‌ಬುಕ್ ತೆಗೆದು ತಾರೀಖು ಹಾಕುತ್ತೇನೆ. ಏನಾಗಬೇಕಿತ್ತು, ಏನಾಯಿತು, ನಾನೇನು ಮಾಡಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಇವತ್ತಿನಿಂದ ಮನೆಯ ಕಂಪ್ಯೂಟರಿಗೂ ಒಂದು ನೋಟ್‌ಬುಕ್. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನಿಸಿಕೊಳ್ಳುವುದು ಬೇಡ.

ಏನಾಗಬೇಕಿತ್ತು: ಅತ್ತೆ ಮೇಜಿನ ಮೇಲಿನ ಕೆಂಪು ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ನಾನು ಬರೆದ ಪುಟ್ಟ ಪ್ರೋಗ್ರಾಂ, ನಮ್ಮ ಭಾಷೆಯಲ್ಲಿ ಸ್ಕ್ರಿಪ್ಟ್, ಓಡಿ ಬ್ರೌಸರ್ ತೆರೆಯಬೇಕು. ಬ್ರೌಸರಿನಲ್ಲಿ ಹನ್ನೆರಡು ದೊಡ್ಡ ಚೌಕಗಳ ಪುಟ ಬರಬೇಕು. ಪರದೆಯ ಮೇಲೆ ಯಾವ ಚೌಕ ಮುಟ್ಟಿದರೆ ಆ ಚೌಕದ ಮಾತನ್ನು ಕಂಪ್ಯೂಟರ್ ಆಡಬೇಕು.

ಏನಾಯಿತು: ಏನೂ ಆಗಲಿಲ್ಲ. ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ, ಅಷ್ಟೇ.

ಗಂಟಲಿನ ಆಪರೇಷನ್ ಆಗಿ ನಾಲ್ಕು ತಿಂಗಳು. ಅತ್ತೆಗೆ ದನಿ ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು ಮಾಡಿದ್ದಾರೆ, ಉಸಿರಾಟವೆಲ್ಲ ಅದರಲ್ಲೇ. ಮಾತಿಗೆ ಸ್ಲೇಟು ಇದೆ. ಆದರೆ ಅವರ ಕೈ ನಡುಗುತ್ತದೆ, ಮೂರು ಪದ ಬರೆಯುವಷ್ಟರಲ್ಲಿ ಅನ್ನ ಆರಿಹೋಗುತ್ತದೆ. ಮೇಲಾಗಿ ಸ್ಲೇಟು ಕೂಗುವುದಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಆ ತೂತಿಗೆ ಕಫ ಕಟ್ಟಿಕೊಂಡಿತು. ಮೆಟ್ಟಿಲು ಇಳಿದು ಕೆಳಮನೆಯ ದರ್ಜಿಯ ಬಾಗಿಲು ಬಡಿಯುವಷ್ಟರಲ್ಲಿ ತುಟಿ ನೀಲಿಯಾಗಿತ್ತಂತೆ. ನಾನು ಆಫೀಸಿನಲ್ಲಿದ್ದೆ.

ಅದಾದ ಮೇಲೆ ನಾದಿನಿ ಫೋನಿನಲ್ಲಿ ಹೇಳಿದಳು, "ಅತ್ತಿಗೆ, ಇಪ್ಪತ್ಮೂರಕ್ಕೆ ಬರ್ತೀನಿ. ಅಮ್ಮ ಒಬ್ಬಳೇ ಇರುವಾಗ ಯಾರನ್ನಾದ್ರೂ ಕರೆಯೋಕೆ ಒಂದು ದಾರಿ ಮಾಡಿದ್ರೆ ಸರಿ. ಇಲ್ಲಾಂದ್ರೆ ನಮ್ಮೂರಿನ ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ. ಅಲ್ಲಿ ಒಂದು ಹಾಸಿಗೆ ಹೇಳಿಟ್ಟಿದ್ದೀನಿ." ಅವಳು ಹೇಳುವುದರಲ್ಲಿ ತಪ್ಪಿಲ್ಲ.

ನೋಟ್‌ಬುಕ್ಕಿಗೆ ಸುಳ್ಳು ಹೇಳಿ ಏನು ಪ್ರಯೋಜನ? ಕರೆದುಕೊಂಡು ಹೋಗಲಿ ಅಂತ ನನಗೂ ಅನ್ನಿಸಿದೆ. ಗಂಡ ಹೋಗಿ ಆರು ವರ್ಷವಾಯಿತು. ಅವನಿಲ್ಲದ ಮನೆಯಲ್ಲಿ ಅವನ ತಾಯಿ, ನಾನು. ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗಿದೆ ಎಂದು ಬೋರ್ಡು ಹಾಕಿದ್ದಾರೆ. ಒಂದು ಕೋಣೆ, ಒಂದು ಕಿಟಕಿ, ತೊಳೆಯಲು ಒಂದೇ ತಟ್ಟೆ. ಸ್ಕ್ರಿಪ್ಟ್ ಸರಿಯಾಗದಿದ್ದರೆ ಅತ್ತೆ ಹೋಗುತ್ತಾರೆ, ಸರಿಮಾಡಬೇಕಾದವಳು ನಾನು. ಇಂಥ ಕೆಲಸ ಯಾವ ಶತ್ರುವಿಗೂ ಬೇಡ.

ನವೆಂಬರ್ 4, ಮಂಗಳವಾರ

ನಮ್ಮ ಕಸುಬಿನಲ್ಲಿ ಮೊದಲ ಪಾಠ, ಏನೇ ಕೆಟ್ಟಿರಲಿ, ರೀಸ್ಟಾರ್ಟ್ ಮಾಡಿ ನೋಡು. ಮನೆಗೆ ಬಂದವಳೇ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಒಂದೇ ಕಂಪ್ಯೂಟರಿನಲ್ಲಿ ನನ್ನ ಹೆಸರಿನಲ್ಲೊಂದು, ಅತ್ತೆಯ ಹೆಸರಿನಲ್ಲೊಂದು ಲಾಗಿನ್ ಇದೆ. ಅದು ಎದ್ದ ಕೂಡಲೇ ತಾನಾಗಿ ನನ್ನ ಲಾಗಿನ್‌ಗೆ ಹೋಗುತ್ತದೆ, ಹಿಂದೆ ಯಾವಾಗಲೋ ನಾನೇ ಹಾಗೆ ಮಾಡಿಟ್ಟಿದ್ದೆ. ಗುಂಡಿ ಒತ್ತಿದೆ. ಬ್ರೌಸರ್ ತೆರೆಯಿತು, ಹನ್ನೆರಡು ಚೌಕವೂ ಬಂದವು.

"ನೋಡಿ ಅತ್ತೆ, ಸರಿಯಾಗೇ ಇದೆ" ಎಂದೆ.

ಅವರು ಸ್ಲೇಟಿನಲ್ಲಿ ಬರೆದರು, "ನಂಗೆ ತೆಗಿಯಲ್ಲ."

"ಸ್ವಲ್ಪ ಗಟ್ಟಿಯಾಗಿ ಒತ್ತಬೇಕು."

ಅದಕ್ಕೆ ಅವರೇನೂ ಬರೆಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನ್ನ ಮಾತಿಗೆ ಮಾತು ಕೊಡದೆ ಬಿಟ್ಟವರಲ್ಲ. ಬಳಪ ಸವೆಯುತ್ತದೆಂದು ಉಳಿಸುತ್ತಿರಬೇಕು.

ನವೆಂಬರ್ 5, ಬುಧವಾರ

ಬೆಳಿಗ್ಗೆ ಎಂದಿನಂತೆ ನನ್ನ ಲಾಗಿನ್‌ನಿಂದ ಅತ್ತೆಯ ಲಾಗಿನ್‌ಗೆ ಬದಲಿಸಿದೆ. ಅದರಲ್ಲಿ ಅಕ್ಷರ ದೊಡ್ಡವು, ಬಣ್ಣ ಕಡಿಮೆ. ಗುಂಡಿಯ ತಂಟೆಯೇ ಬೇಡ ಎಂದು ಚೌಕಗಳ ಪುಟವನ್ನು ನಾನೇ ತೆರೆದಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಪುಟ ಮಾಯ. ಅತ್ತೆಯ ನಡುಗುವ ಬೆರಳು ಮೂಲೆಯ × ಗುರುತಿಗೆ ತಾಗಿ ಮುಚ್ಚಿಹೋಗಿದೆ. ಒಮ್ಮೆ ಮುಚ್ಚಿದರೆ ಮತ್ತೆ ಹುಡುಕಿ ತೆರೆಯುವುದು ಅವರ ಕೈಯಲ್ಲಾಗದು. ಗುಂಡಿಯೇ ಬೇಕು.

ಅವರು ಗುಂಡಿ ಒತ್ತಿದ್ದರಂತೆ. ತೆರೆಯಲಿಲ್ಲವಂತೆ. ನಾನು ರೀಸ್ಟಾರ್ಟ್ ಮಾಡಿ ಒತ್ತಿದೆ, ತೆರೆಯಿತು. ಇದೊಳ್ಳೆ ಕಥೆಯಾಯಿತು. ನನ್ನ ಮುಂದೆ ಒಳ್ಳೆಯದು, ಬೆನ್ನ ಹಿಂದೆ ಬೇರೆ. ಇಂಥ ನಾಲ್ಕು ಜನ ಆಫೀಸಿನಲ್ಲಿದ್ದಾರೆ, ಈಗ ಮನೆಯಲ್ಲೂ ಒಂದು ಬಂತು.

ನವೆಂಬರ್ 8, ಶನಿವಾರ

ಚೌಕಗಳಲ್ಲಿ ಇದುವರೆಗೆ ಕಂಪ್ಯೂಟರಿನದೇ ಸಿದ್ಧ ದನಿಯಿತ್ತು. ಅತ್ತೆಗೆ ಅದು ಸರಿಬರಲಿಲ್ಲ. "ಇವಳು ರೈಲು ಬರುತ್ತೆ ಅಂತ ಹೇಳೋಳು" ಎಂದು ಬರೆದು ತೋರಿಸಿದರು. ಹಾಗಾದರೆ ಯಾರ ದನಿ ಬೇಕು ಎಂದು ಕೇಳಿದೆ. ಬಳಪದಿಂದ ನನ್ನ ಕಡೆ ತೋರಿಸಿದರು. ಮನೆಯಲ್ಲಿ ಬೇರೆ ದನಿಯಾದರೂ ಎಲ್ಲಿದೆ?

ಹನ್ನೆರಡು ಮಾತಿನ ಪಟ್ಟಿ ಬರೆಯಲು ಅವರಿಗೆ ಒಂದು ಬೆಳಗ್ಗೆ ಹಿಡಿಯಿತು. ನೀರು. ನೋವು. ಹೂಂ. ಬೇಡ. ಬೇಗ ಬನ್ನಿ. ಯಾರದು. ಫ್ಯಾನ್ ಹಾಕು. ಕನ್ನಡಕ ಎಲ್ಲಿ. ಬಾಗಿಲು ಹಾಕಿದ್ಯಾ. ಉಪ್ಪು ಜಾಸ್ತಿ. ಸುಮ್ನಿರು. ಬಂದ್ಯಾ.

"ಬೇಗ ಬನ್ನಿ" ಮುಟ್ಟಿದರೆ ಮಾತು ಜೋರಾಗಿ ಕೇಳುವುದರ ಜೊತೆಗೆ ನನ್ನ ಫೋನಿಗೂ ದರ್ಜಿಯ ಫೋನಿಗೂ ಸಂದೇಶ ಹೋಗುವ ಹಾಗೆ ಮಾಡಿದ್ದೇನೆ. ನಾದಿನಿ ಕೇಳಿದ್ದು ಅದೊಂದನ್ನೇ. ಉಳಿದ ಹನ್ನೊಂದು ಅತ್ತೆಯ ದರಬಾರು.

"ಉಪ್ಪು ಜಾಸ್ತಿಗೆ ಒಂದು ಚೌಕ ಬೇಕಾ ಅತ್ತೆ? ಮುಖ ನೋಡಿದ್ರೇ ಗೊತ್ತಾಗುತ್ತಲ್ಲ."

"ಬೇಕು."

"ಬಂದ್ಯಾ ಯಾಕೆ? ಬಂದಿರೋದು ಕಾಣ್ಸುತ್ತಲ್ಲ. ಅದರ ಬದಲು ಮಾತ್ರೆ ಕೊಡು ಅಂತ ಹಾಕೋಣ."

ಸ್ಲೇಟಿನಲ್ಲಿದ್ದ "ಬೇಕು" ಎಂಬುದರ ಕೆಳಗೆ ಗೆರೆ ಎಳೆದರು.

ಆ ಒಂದು ಮಾತು ನನಗೆ ಯಾವತ್ತೂ ಆಗಿಬರಲಿಲ್ಲ. ಮದುವೆಯಾದ ಮರುವಾರದಿಂದ, ಕೆಲಸ ಮುಗಿಸಿ ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ "ಬಂದ್ಯಾ?" ಎಲ್ಲಿಗೆ ಹೋಗಿದ್ದೆ, ಇಷ್ಟು ಹೊತ್ತೇಕೆ, ಮನೆಯ ನೆನಪಿದೆಯೇ, ಎಲ್ಲ ಆ ಎರಡಕ್ಷರದಲ್ಲಿ. ಪೊಲೀಸರು ಇಷ್ಟು ಚೊಕ್ಕವಾಗಿ ವಿಚಾರಣೆ ಮಾಡಲಾರರು. ಸಿಟ್ಟಿಗೆ ಅವರದೇ ರಾಗದಲ್ಲಿ, ಕೊನೆಯಲ್ಲಿ ಹಾಗೇ ಮೇಲೆಳೆದು ರೆಕಾರ್ಡ್ ಮಾಡಿದೆ. ಅತ್ತೆ ಕೇಳಿ ತಲೆಯಾಡಿಸಿದರು. ಅಣಕ ಎಂದು ತಿಳಿಯಿತೋ ಇಲ್ಲವೋ, ಗೊತ್ತಿಲ್ಲ.

ನವೆಂಬರ್ 11, ಮಂಗಳವಾರ

ಸಿಕ್ಕಿತು ಎಂದುಕೊಂಡೆ. ಇವತ್ತು ಮೊದಲ ಸಲ ಅತ್ತೆಯ ಲಾಗಿನ್‌ನಲ್ಲೇ ಕೂತು ಗುಂಡಿ ಒತ್ತಿದೆ. ನಿಜ, ತೆರೆಯಲಿಲ್ಲ. ಹುಡುಕಿದರೆ ಅವರ ಲಾಗಿನ್‌ನಲ್ಲಿ ಡಿಫಾಲ್ಟ್ ಬ್ರೌಸರ್ ಯಾವುದೆಂದೇ ಹೇಳಿಲ್ಲ. ಬ್ರೌಸರ್ ತೆರೆ ಎಂದು ಸ್ಕ್ರಿಪ್ಟ್ ಹೇಳುತ್ತದೆ, ಯಾವುದನ್ನು ಎಂದು ಕಂಪ್ಯೂಟರಿಗೆ ಗೊತ್ತಿಲ್ಲ, ಅದಕ್ಕೇ ಸುಮ್ಮನೆ ಕೂರುತ್ತದೆ. ಒಂದನ್ನು ಗೊತ್ತುಮಾಡಿದೆ. ಸ್ಕ್ರಿಪ್ಟಿನ ಹೆಸರನ್ನು ಕೈಯಾರೆ ಟೈಪ್ ಮಾಡಿ ಓಡಿಸಿದೆ. ಪುಟ ಥಟ್ಟನೆ ಬಂತು.

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಎದ್ದು ಹೋದೆ. ಸರಿಯಾಯಿತು ಅತ್ತೆ ಎಂದು ಅಡುಗೆಮನೆಯಿಂದಲೇ ಹೇಳಿದೆ.

ನವೆಂಬರ್ 12, ಬುಧವಾರ

ಸರಿಯಾಗಿಲ್ಲ.

ನವೆಂಬರ್ 13, ಗುರುವಾರ

ಬೆಳಿಗ್ಗೆ ಸ್ಕ್ರಿಪ್ಟಿಗೆ ಒಂದು ಲಾಗ್ ಸೇರಿಸಿ ಹೋಗಿದ್ದೆ. ಗುಂಡಿ ಒತ್ತಿದಾಗೆಲ್ಲ ಸಮಯ ಮತ್ತು ಫಲಿತಾಂಶವನ್ನು ಅದು ತಾನೇ ಬರೆದಿಡುತ್ತದೆ. ಸಂಜೆ ತೆಗೆದು ನೋಡಿದೆ. ಒಂದರ ಕೆಳಗೊಂದು ಸಾಲು, ಪ್ರತಿ ಸಾಲಿನ ಕೊನೆಗೂ ಒಂದೇ ಮಾತು: ತೆರೆಯಿತು. ತೆರೆಯಿತು. ತೆರೆಯಿತು.

ಇಡೀ ದಿನ ಆಫೀಸಿನಲ್ಲಿ "ನಾನೇನೂ ಮುಟ್ಟೇ ಇಲ್ಲ ಮೇಡಂ" ಎನ್ನುವವರ ಮುಂದೆ ಕೂತು ಬಂದಿದ್ದೆ. ತಾಳ್ಮೆ ಉಳಿದಿರಲಿಲ್ಲ. "ತೆರೆದಿದೆ ಅಂತ ಇಲ್ಲಿ ಬರ್ಕೊಂಡಿದೆ ಅತ್ತೆ. ಯಂತ್ರ ಯಾಕೆ ಸುಳ್ಳು ಹೇಳುತ್ತೆ? ನೀವೇ ಮುಚ್ಚಿ ತೆರೆಯಲ್ಲ ಅಂತಿದ್ದೀರಾ?"

ಅವರು ನನ್ನನ್ನೇ ನೋಡಿದರು. ಆಮೇಲೆ ಸ್ಲೇಟನ್ನು ಒರೆಸಿ, ಬರೆಯುವ ಮೈ ಕೆಳಗಾಗುವಂತೆ ಮೇಜಿನ ಮೇಲಿಟ್ಟರು. ಊಟಕ್ಕೆ ಕರೆದಾಗ ಬಂದರು, ಉಂಡರು, ತಟ್ಟೆ ತಾವೇ ತೊಳೆದರು. ಉಪ್ಪು ಜಾಸ್ತಿಯಾಗಿತ್ತು, ನನಗೇ ಗೊತ್ತಾಯಿತು. ಅದಕ್ಕೂ ಏನೂ ಬರೆಯಲಿಲ್ಲ.

ಬಯ್ದು ಜಗಳವಾಡುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ನವೆಂಬರ್ 14, ಶುಕ್ರವಾರ

ಆಫೀಸಿನಲ್ಲಿ ನನ್ನ ಎದುರು ಕೂರುವವನನ್ನು ಎಲ್ಲರೂ ಆಮೆ ಎನ್ನುತ್ತಾರೆ, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾನೆ. ಅವನಿಗೆ ಕಥೆ ಹೇಳಿದೆ. ಕೇಳಿಸಿಕೊಂಡು, ಚಹಾ ಮುಗಿಸಿ, ಲೋಟ ತೊಳೆದಿಟ್ಟು ಬಂದು ಕೇಳಿದ:

"ಅದು ಯಾರ ಹೆಸರಲ್ಲಿ ಓಡ್ತಿದೆ?"

"ನನ್ನ ಮನೇಲಿ ಇನ್ಯಾರ ಹೆಸರಲ್ಲಿ ಓಡಬೇಕು ಮಾರಾಯ?"

"ಸುಮ್ನೆ ಕೇಳ್ದೆ" ಎಂದು ತನ್ನ ಕೆಲಸಕ್ಕೆ ತಿರುಗಿದ.

ನಾದಿನಿ ಫೋನ್ ಮಾಡಿದ್ದಳು. ಆಯ್ತಾ ಎಂದು ಕೇಳಿದಳು, ಆಗ್ತಾ ಇದೆ ಎಂದೆ. ಒಂದು ವಾರ ಬಿಟ್ಟರೆ ಅವಳೇ ಬರುತ್ತಾಳೆ. ಆಗಲಿಲ್ಲ ಎಂದು ಈಗಲೇ ಹೇಳಿದ್ದರೆ ಇವತ್ತಿಗೆ ಎಲ್ಲ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲವೋ. ಬಹುಶಃ ಕೆಲಸ ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ನವೆಂಬರ್ 17, ಸೋಮವಾರ

ಊಟದ ಬಿಡುವಿನಲ್ಲಿ ಹಿಂದಿನ ಬೀದಿಯ ಆ ಕೋಣೆ ನೋಡಿ ಬಂದೆ. ಹೊಸ ಸುಣ್ಣ, ಒಳ್ಳೆಯ ನಲ್ಲಿ, ಕಿಟಕಿಯಿಂದ ಒಂದು ಮರ ಕಾಣುತ್ತದೆ. "ಒಬ್ಬರೇನಾ ಇರೋದು?" ಎಂದು ಮನೆಯೊಡತಿ ಕೇಳಿದರು. ಹೂಂ ಎಂದೆ. ಗೇಣು ಹಾಕಿ ಕಿಟಕಿಯ ಬಳಿ ಗೋಡೆ ಅಳೆದೆ. ಮೇಜು ಇಟ್ಟರೆ ಪಕ್ಕದಲ್ಲಿ ಮಂಚಕ್ಕೆ ಜಾಗ ಸಾಲದು, ಮಂಚದಿಂದ ಕೈಚಾಚಿದರೆ ಗುಂಡಿ ಸಿಗುವುದಿಲ್ಲ. ಪ್ಲಗ್ಗು ಬೇರೆ ಬಾಗಿಲ ಹಿಂದಿದೆ. ಬೆಳಕು ಕಡಿಮೆ ಅಂತ ಹೇಳಿ ಬೇಡವೆಂದು ಬಂದೆ.

ಸಂಜೆ ಹೊಸ ಗುಂಡಿ, ಹೊಸ ತಂತಿ ಹಾಕಿದೆ. ರೀಸ್ಟಾರ್ಟ್ ಮಾಡಿದೆ, ಒತ್ತಿದೆ, ತೆರೆಯಿತು. ಖುಷಿಪಡುವಷ್ಟು ದಡ್ಡಿ ನಾನೀಗ ಅಲ್ಲ.

ನವೆಂಬರ್ 18, ಮಂಗಳವಾರ

ಇಲ್ಲ.

ನವೆಂಬರ್ 19, ಬುಧವಾರ

ಬ್ರೌಸರನ್ನೇ ಕಿತ್ತು ಹೊಸದಾಗಿ ಹಾಕಿದೆ. ಇಲ್ಲ. ಬೆನ್ನು ನೋಯುತ್ತಿದೆ. ನಾನು ಬಗ್ಗಿ ಕೂತಿದ್ದಾಗ ಅತ್ತೆ ಬಂದು ಬೆನ್ನ ಹಿಂದೆ ಒಂದು ದಿಂಬು ತುರುಕಿ ಹೋದರು. ಗುರುವಾರದಿಂದ ಸ್ಲೇಟು ಮುಟ್ಟದವರು.

ನವೆಂಬರ್ 20, ಗುರುವಾರ

ಸಿಕ್ಕಿತು. ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಮಧ್ಯಾಹ್ನದಿಂದ ಜ್ವರದ ಹಾಗಿತ್ತು. ಆರಕ್ಕೆ ಮನೆಗೆ ಬಂದಾಗ ರೀಸ್ಟಾರ್ಟ್ ಮಾಡುವಷ್ಟು ಹೊತ್ತು ಕುರ್ಚಿಯಲ್ಲಿ ಕೂರುವ ಶಕ್ತಿಯೂ ಇರಲಿಲ್ಲ. ಆಫೀಸಿನ ಒಂದು ಫೈಲ್ ಕಳಿಸುವುದಿತ್ತು. ಅತ್ತೆಯ ಲಾಗಿನ್‌ನಿಂದ ನನ್ನದಕ್ಕೆ ಬದಲಿಸಿದೆ.

ಪರದೆಯ ತುಂಬ ಚೌಕಗಳು. ಒಂದು ಪುಟ ಮುಚ್ಚಿದೆ, ಅದರ ಹಿಂದೆ ಇನ್ನೊಂದು. ಮುಚ್ಚಿದೆ, ಇನ್ನೊಂದು. ಮುಚ್ಚುತ್ತಾ ಎಣಿಸಿದೆ. ಹದಿನೇಳು.

ಅವರು ಒತ್ತಿದಾಗೆಲ್ಲ ಪುಟ ತೆರೆದಿತ್ತು. ನನ್ನ ಲಾಗಿನ್‌ನಲ್ಲಿ ತೆರೆದಿತ್ತು. ಬೆಳಿಗ್ಗೆ ಕಂಪ್ಯೂಟರ್ ನನ್ನ ಹೆಸರಿನಲ್ಲಿ ಏಳುತ್ತದೆ, ಗುಂಡಿಗೆ ಕಿವಿಗೊಟ್ಟು ಕೂರುವ ಸ್ಕ್ರಿಪ್ಟೂ ನನ್ನ ಹೆಸರಿನಲ್ಲೇ ಶುರುವಾಗುತ್ತದೆ. ಆಮೇಲೆ ನಾನು ಅತ್ತೆಯ ಲಾಗಿನ್‌ಗೆ ಬದಲಿಸಿ ಹೋಗುತ್ತೇನೆ, ಆದರೆ ಸ್ಕ್ರಿಪ್ಟ್ ನನ್ನಲ್ಲೇ ಉಳಿಯುತ್ತದೆ. ಅತ್ತೆ ಇಲ್ಲಿ ಒತ್ತುತ್ತಾರೆ, ಪುಟ ಯಾರೂ ನೋಡದ ಕಡೆ ತೆರೆದುಕೊಳ್ಳುತ್ತದೆ. ಲಾಗ್ ಸುಳ್ಳು ಹೇಳಲಿಲ್ಲ. ಅತ್ತೆಯೂ ಹೇಳಲಿಲ್ಲ.

ಮತ್ತೆ ಪ್ರತಿ ಸಂಜೆ ನಾನು ಬಂದು ಮೊದಲು ಮಾಡುತ್ತಿದ್ದ ಕೆಲಸ ರೀಸ್ಟಾರ್ಟ್. ತೆರೆದ ಪುಟವೆಲ್ಲ ಅಳಿಸಿಹೋಗುತ್ತಿತ್ತು, ಕಂಪ್ಯೂಟರ್ ನನ್ನ ಲಾಗಿನ್‌ಗೆ ಬರುತ್ತಿತ್ತು, ನನಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಕಳ್ಳನನ್ನು ಹಿಡಿಯಲು ಬಂದವಳು ಮೊದಲು ನೆಲ ಒರೆಸಿ ಹೆಜ್ಜೆ ಗುರುತು ಅಳಿಸಿದ ಹಾಗೆ. ಆಮೆ ಕೇಳಿದ್ದೂ ಇದನ್ನೇ. ಹೊಸದಾಗಿ ಸೇರಿದವರಿಗೆ ಮೊದಲ ವಾರ ನಾನೇ ಕಲಿಸುವ ಪಾಠ ಇದು.

ಅತ್ತೆಯ ಬಳಿ ಹೋಗಿ, "ನೀವು ಒತ್ತಿದಾಗೆಲ್ಲ ತೆರೆದಿತ್ತು ಅತ್ತೆ, ನನ್ನ ಕಡೆ ತೆರೆದಿತ್ತು. ನಂದೇ ತಪ್ಪು" ಎಂದೆ. ಅವರು ಸ್ಲೇಟು ತಿರುಗಿಸಿ ಎತ್ತಿಕೊಂಡರು. ಬರೆದರು, "ಜ್ವರ ಇದೆ. ಮಲ್ಕೋ."

ನವೆಂಬರ್ 21, ಶುಕ್ರವಾರ

ರಜೆ ಹಾಕಿದೆ. ಕಂಪ್ಯೂಟರ್ ಇನ್ನು ಮೇಲೆ ಅತ್ತೆಯ ಹೆಸರಿನಲ್ಲೇ ಏಳುತ್ತದೆ, ಸ್ಕ್ರಿಪ್ಟೂ ಅವರ ಹೆಸರಿನಲ್ಲೇ ಓಡುತ್ತದೆ. ನನ್ನ ಲಾಗಿನ್ ತೆಗೆದೇಹಾಕಿದೆ. ಅತ್ತೆ ಒತ್ತಿದರು, ಅವರ ಮುಂದೆಯೇ ತೆರೆಯಿತು. ಹತ್ತು ಸಲ ಒತ್ತಿಸಿದೆ. "ಬೇಗ ಬನ್ನಿ" ಮುಟ್ಟಿದಾಗ ನನ್ನ ಫೋನು ಕೂಗಿತು, ದರ್ಜಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿಬಂದರು. ಪರೀಕ್ಷೆ ಎಂದು ಮೊದಲೇ ಹೇಳಿರಲಿಲ್ಲ. "ಹೇಳ್ಬಾರ್ದಾ ತಾಯಿ, ಯಾರದೋ ತೋಳು ಅರ್ಧ ಕತ್ತರಿಸಿ ಬಂದಿದ್ದೀನಿ" ಎಂದರು. ಅಂಗಿಯ ತೋಳು.

ಮಧ್ಯಾಹ್ನ ಲಾಗನ್ನು ಫೋನಿಗೆ ಹಾಕಿಕೊಂಡು ಮಲಗಿದಲ್ಲೇ ಪೂರ್ತಿ ಓದಿದೆ. ಇಷ್ಟು ದಿನ ಸಾಲಿನ ಕೊನೆಯ ಮಾತನ್ನಷ್ಟೇ ನೋಡಿದ್ದೆ, ಮೊದಲಿರುವ ಸಮಯ ನೋಡಿರಲಿಲ್ಲ. ಹದಿನೆಂಟರಂದು ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಒಂಬತ್ತು ಸಲ. ಅವತ್ತು ಏನಾಗಿತ್ತು ಎಂದು ಕೇಳಿದೆ. "ಉಸಿರು. ಆಮೇಲೆ ಸರಿಹೋಯ್ತು" ಎಂದು ಬರೆದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಇನ್ನೊಂದು ಅರ್ಥವಾಗಲಿಲ್ಲ. ಉಳಿದ ಸಾಲುಗಳ ಹೊತ್ತು ದಿನಕ್ಕೊಂದು ಥರ. ಆದರೆ ನಾನು ಆಫೀಸಿಗೆ ಹೋದ ಪ್ರತಿ ದಿನವೂ ಐದು ಐವತ್ತಕ್ಕೆ ಒಂದು ಸಾಲಿದೆ, ಒಂದು ದಿನವೂ ತಪ್ಪಿಲ್ಲ. ಆ ಹೊತ್ತಿಗೆ ಮಾತ್ರೆಯಿಲ್ಲ, ನೀರಿನ ಹೊತ್ತಲ್ಲ. "ಐದು ಐವತ್ತಕ್ಕೆ ಯಾಕೆ ಒತ್ತುತ್ತಿದ್ರಿ ಅತ್ತೆ?" ಎಂದು ಕೇಳಿದೆ. ಬಳಪ ಕೈಗೆ ತೆಗೆದುಕೊಂಡರು, ಮತ್ತೆ ಕೆಳಗಿಟ್ಟರು.

ನವೆಂಬರ್ 23, ಭಾನುವಾರ

ನಾದಿನಿ ಬಂದಳು. ಅತ್ತೆಯ ಬಟ್ಟೆ ಹಿಡಿಸುವಷ್ಟು ದೊಡ್ಡ ಖಾಲಿ ಪೆಟ್ಟಿಗೆಯೊಂದು ಅವಳ ಜೊತೆಗಿತ್ತು. ಅದನ್ನು ಬಾಗಿಲ ಬಳಿಯೇ ಇಟ್ಟಳು.

ಅತ್ತೆ ಗುಂಡಿ ಒತ್ತಿದರು. ಪುಟ ತೆರೆಯಿತು. ನಾದಿನಿ ಒಂದೊಂದೇ ಚೌಕ ಮುಟ್ಟಿ ಕೇಳಿದಳು. "ಬೇಗ ಬನ್ನಿ" ಮುಟ್ಟಿದಾಗ ದರ್ಜಿ ಮತ್ತೆ ಓಡಿಬಂದರು, ಹೇಳಲು ಈ ಸಲವೂ ಮರೆತಿದ್ದೆ. ಅವರು ಹೋದ ಮೇಲೆ ನಾದಿನಿ ಪರದೆಯತ್ತ ಬೆರಳು ಮಾಡಿದಳು.

"ಎಲ್ಲಾ ನಿಮ್ಮ ದನಿ ಅತ್ತಿಗೆ. ಅಮ್ಮನ ಮನಸ್ಸಲ್ಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಇಲ್ಲೇ ಕೂತಿದ್ದಾರಲ್ಲ, ಕೇಳು."

ಅವಳು ತಾಯಿಯ ಮೊಣಕಾಲಿನ ಮೇಲೆ ಕೈಯಿಟ್ಟಳು. "ಅಮ್ಮ, ಅಲ್ಲಿ ಹಗಲೂ ರಾತ್ರಿ ನರ್ಸ್ ಇರ್ತಾರೆ. ನಾನು ದಿನಾ ಬಂದು ಹೋಗ್ತೀನಿ. ಬರ್ತೀಯಾ?"

ಅತ್ತೆಯ ಬೆರಳು ಪರದೆಯ ಮೇಲೆ ಸ್ವಲ್ಪ ಅಲೆದಾಡಿ ಒಂದು ಚೌಕದ ಮೇಲೆ ಕೂತಿತು. "ಬೇಡ" ಎಂದಿತು ನನ್ನ ದನಿ.

ನಾದಿನಿ ನನ್ನ ಕಡೆ ತಿರುಗಿದಳು. ಅವಳೂ ದಣಿದಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಅಣ್ಣ ಹೋದ ಮೇಲೆ ನೀವು ಇಲ್ಲಿರಬೇಕು ಅಂತೇನೂ ಇಲ್ಲ ಅತ್ತಿಗೆ. ಯಾರೂ ನಿಮ್ಮನ್ನ ತಪ್ಪು ತಿಳ್ಕೊಳಲ್ಲ. ನಿಜ ಹೇಳಿ. ಕರ್ಕೊಂಡು ಹೋಗ್ಲಾ?"

ಈ ಪ್ರಶ್ನೆ ಯಾರಾದರೂ ಕೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದೆ. ಉತ್ತರವೂ ಸಿದ್ಧವಿತ್ತು, ಚೆನ್ನಾಗಿ ಜೋಡಿಸಿದ್ದೆ. ಆ ಉತ್ತರವನ್ನು ಅಲ್ಲೇ ಬಿಟ್ಟೆ. ಅತ್ತೆಯ ಭುಜದ ಮೇಲಿಂದ ಬಗ್ಗಿ ನಾನೂ ಅದೇ ಚೌಕ ಮುಟ್ಟಿದೆ.

"ಬೇಡ."

ನಾದಿನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳು ಅಳುತ್ತಾ ಏನೋ ಹೇಳಲು ಹೊರಟಾಗ ಅತ್ತೆ "ಸುಮ್ನಿರು" ಮುಟ್ಟಿದರು. ಹೋಗುವಾಗ ಪೆಟ್ಟಿಗೆ ಇಲ್ಲೇ ಇರಲಿ, ಹೊರಲಾರೆ ಎಂದಳು. ಅಟ್ಟಕ್ಕೆ ಏರಿಸಬೇಕು. ಮನೆಯಲ್ಲಿ ಮೊದಲೇ ಜಾಗವಿಲ್ಲ.

ನವೆಂಬರ್ 24, ಸೋಮವಾರ

ಆಫೀಸಿನಲ್ಲಿ ಮೂರು ಕಂಪ್ಯೂಟರ್ ಕೆಟ್ಟಿದ್ದವು. ಮೂರನ್ನೂ ರೀಸ್ಟಾರ್ಟ್ ಮಾಡುವ ಮುಂಚೆ ನೋಡಿದೆ. ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ಸೋತಿತ್ತು. ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, ಚಪ್ಪಲಿ ಬಿಡಲು ಬಗ್ಗಿದೆ.

"ಬಂದ್ಯಾ?"

ನನ್ನ ದನಿ, ಅವರ ರಾಗ. ಕೊನೆಯಲ್ಲಿ ನಾನು ಸಿಟ್ಟಿಗೆ ಮೇಲೆಳೆದದ್ದು ಹಾಗೇ ಇತ್ತು.

ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ. ಗೋಡೆಯ ಗಡಿಯಾರ ಆರು ತೋರಿಸುತ್ತಿತ್ತು. ಐದು ಐವತ್ತಕ್ಕೆ ಪುಟ ತೆರೆದಿಟ್ಟುಕೊಂಡು, ನಡುಗುವ ಬೆರಳನ್ನು ಆ ಚೌಕದ ಹತ್ತಿರ ಹಿಡಿದುಕೊಂಡು, ಅವರು ಹತ್ತು ನಿಮಿಷ ಕೂತಿರಬೇಕು. ಇಷ್ಟು ದಿನವೂ ಹೀಗೇ ಕೂರಲು ಒತ್ತುತ್ತಿದ್ದರು. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ಯಾರೂ ನನ್ನನ್ನು ಬಂದ್ಯಾ ಎಂದು ಕೇಳಿರಲಿಲ್ಲ. ಕೇಳಿರಲಿಲ್ಲ ಎಂಬುದು ನನಗೆ ಗೊತ್ತೇ ಆಗಿರಲಿಲ್ಲ.

ಚಹಾ ಕುಡಿಯುವಾಗ, ಅದೊಂದನ್ನು ಬೇರೆ ಥರ, ಮೆತ್ತಗೆ ರೆಕಾರ್ಡ್ ಮಾಡಿಕೊಡುತ್ತೇನೆ ಎಂದೆ. ಅತ್ತೆ ಸ್ಲೇಟು ತೆಗೆದುಕೊಂಡರು. ಚಹಾ ಆರುವವರೆಗೂ ಬರೆದರು.

"ಬೇಡ. ನಾನು ಹಾಗೇ ಹೇಳ್ತಿದ್ದೆ."

ಈ ನೋಟ್‌ಬುಕ್ ಇಲ್ಲಿಗೆ ಮುಗಿಸಬೇಕು, ದೋಷ ಸರಿಯಾದ ಮೇಲೆ ಕೊನೆಯ ಸಾಲು ಬರೆಯುವುದು ನಮ್ಮ ಪದ್ಧತಿ.

ಏನಾಗಬೇಕಿತ್ತು: ಗುಂಡಿ ಒತ್ತಿದರೆ ಪುಟ ತೆರೆಯಬೇಕು.

ಏನಾಯಿತು: ತೆರೆಯಿತು.

ನಾನೇನು ಮಾಡಿದೆ: ಹೂಂ, ಬಂದೆ ಅತ್ತೆ, ಎಂದೆ.